ಕಡೇ ಗಾಡಿಯ ಧೂಳು

ಇವತ್ತು ಬೆಳಿಗ್ಗೆ ಜೀಪಿನ ಏರ್ ಫಿಲ್ಟರ್ ಬಿಚ್ಚಿ ಅಂಗಳದ ಕಲ್ಲಿಗೆ ಬಡಿದೆ. ಅದೇ ವಾಸನೆ. ಸಿರುಗುಪ್ಪದ ಎರೆಮಣ್ಣು, ಕುಡತಿನಿ ಕಡೆಯ ಕರೆಂಟು ಕಾರ್ಖಾನೆಯ ಬೂದಿ, ನಮ್ಮ ಬಳ್ಳಾರಿಯ ಕೆಂಪು ಧೂಳು, ಮೂರೂ ಕಲೆಸಿದ್ದು. ಆದರೆ ಬಿದ್ದದ್ದು ಒಂದು ಬೊಗಸೆಯೂ ಇಲ್ಲ. ಬೇರೆ ವರ್ಷ ರೇಸಿನ ಮರುದಿನ ಒಂದು ಮೊರ ತುಂಬುತ್ತಿತ್ತು. ಯಾಕೆ ಹೀಗಾಯಿತು ಅಂತ ನಿಮಗೆ ಹೇಳಬೇಕು. ಸೊಂಟ ಇನ್ನೂ ನೋಯುತ್ತಿದೆ, ನಿಧಾನಕ್ಕೆ ಹೇಳುತ್ತೇನೆ.

ನಮ್ಮಲ್ಲಿ ವರ್ಷಕ್ಕೊಮ್ಮೆ, ಬಿಸಿಲು ನೆತ್ತಿ ಸುಡುವ ಕಾಲವನ್ನೇ ಹುಡುಕಿ, ಒಂದು ರೇಸ್ ಇಡುತ್ತಾರೆ. ಬೈಕು, ಕಾರು, ಬರೀ ಪೈಪು ಬೆಸೆದು ಚಕ್ರ ಹಾಕಿದಂತಿರುವ ಬಗ್ಗಿ, ಎಲ್ಲವೂ ಓಡುತ್ತವೆ. ಬ್ಯಾನರಿನ ಮೇಲೆ 'ಮರುಭೂಮಿ ರೇಸ್' ಅಂತ ಬರೆದಿರುತ್ತದೆ. ಇಲ್ಲಿ ಮರುಭೂಮಿ ಎಲ್ಲಿದೆಯಪ್ಪಾ ಅಂತ ಮೊದಲ ವರ್ಷ ನಾನೂ ನಕ್ಕಿದ್ದೆ. ಬಳ್ಳಾರಿ ಬಿಟ್ಟು, ಭತ್ತ ಕೊಯ್ದ ಗದ್ದೆ ಹಾಯ್ದು, ಕೆಂಚನಗುಡ್ಡದ ಹತ್ತಿರ ಹೊಳೆಯ ಒಣ ಮರಳಿಗೆ ಇಳಿದು, ರೇಸು ಮುಗಿಯುವ ಕುರುಗೋಡಿನ ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ನಗು ಬಾಯೊಳಗೇ ಒಣಗಿತ್ತು.

ನನ್ನದು ಕಡೇ ಗಾಡಿ. ಎಲ್ಲರ ಹಿಂದೆ ಹೋಗುವುದು, ಕೆಟ್ಟು ನಿಂತವರನ್ನು ಬೈಕಿನ ಸಮೇತ ಹೇರಿಕೊಳ್ಳುವುದು. ಓಡುತ್ತಿರುವ ಯಾರನ್ನೂ ದಾಟುವಂತಿಲ್ಲ. ಜೀಪಿಗೆ ಕಾಲಿಟ್ಟವರ ರೇಸು ಅಲ್ಲಿಗೆ ಮುಗಿಯಿತು. ಇಷ್ಟು ವರ್ಷದಲ್ಲಿ ಗೆದ್ದವರ ಮುಖವನ್ನೇ ನಾನು ನೋಡಿಲ್ಲ ನೋಡಿ. ನಾನು ಬಂದು ಸೇರುವ ಹೊತ್ತಿಗೆ ಅವರು ಸ್ನಾನ ಮುಗಿಸಿ ಊಟಕ್ಕೆ ಕೂತಿರುತ್ತಾರೆ. ನನಗೆ ಗೊತ್ತಿರುವುದು ಹಿಂದೆ ಬಿದ್ದವರ ಬೆನ್ನು, ಅದರಲ್ಲೂ ನಮ್ಮ ಕುರುಗೋಡು ಮಾಮನ ಬೆನ್ನು.

ಮಾಮ ಅಂದರೆ ನಮ್ಮವ್ವನ ತಮ್ಮ. ಕುರುಗೋಡಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಭಾರೀ ಆಳು, ಮೂಗಿನ ತುದಿಯಲ್ಲೇ ಸಿಟ್ಟು. ಗೆಲ್ಲುವ ಹುಚ್ಚೇನೂ ಅವರಿಗಿರಲಿಲ್ಲ. ತಮ್ಮೂರಿನ ಗುಡ್ಡದ ಬುಡಕ್ಕೆ ತಮ್ಮ ಬೈಕಿನ ಮೇಲೆಯೇ ಬಂದು ಮುಟ್ಟಬೇಕು, ಒಂದೇ ಒಂದು ಸಲ, ಅಷ್ಟೇ. ಅದೂ ಆಗಲಿಲ್ಲ.

ಮರಳು ದಾಟುವಷ್ಟರಲ್ಲಿ ಉಳಿದವರೆಲ್ಲ ಕಣ್ಮರೆಯಾಗಿ ನಾವಿಬ್ಬರೇ ಇರುತ್ತಿದ್ದೆವು. ಮುಂದೆ ಮಾಮನ ಬೈಕು, ಹಿಂದೆ ನನ್ನ ಜೀಪು. ಅವರ ಧೂಳೆಲ್ಲ ನನ್ನ ಬಾಯಿಗೆ. ಹೊಟ್ಟೆ ಹಸಿದು, ಕಣ್ಣು ಉರಿದು, ಸಾಕುಸಾಕಾಗಿ, ನಾನು ಜೀಪನ್ನು ಅವರ ಚಕ್ರದ ಹತ್ತಿರಕ್ಕೇ ತಂದು ಕೂಗುತ್ತಿದ್ದೆ.

"ಮಾಮಾ, ಸಾಕು ಬರ್ರಿ! ಜೀಪು ಹತ್ರಿ!"

"ಸುಮ್ನ ಬಾರಲೇ ಅಳಿಯ! ನಿನ್ನ ಜೀಪು ಹತ್ತಾಕ ನನಗೇನು ಬಸ್ ತಪ್ಪೈತೇನು?"

ಇನ್ನಷ್ಟು ದೂರ ಹೋಗಿ, ಯಾವುದೋ ಬದುವಿಗೆ ಬಿದ್ದು, ಕಡೆಗೆ ಹತ್ತುತ್ತಿದ್ದರು. ಊರು ಬಂದ ಕೂಡಲೇ ಮುಖದ ಮೇಲೆ ಟವೆಲ್ ಎಳೆದುಕೊಳ್ಳುತ್ತಿದ್ದರು. ಅತ್ತೆ ಚಹಾ ಕೊಟ್ಟರೆ ಗೋಡೆ ಕಡೆ ತಿರುಗಿ ಕುಡಿಯುತ್ತಿದ್ದರು. ಅಯ್ಯೋ, ಈ ಮಾಮನಿಗೂ ಬುದ್ಧಿ ಬರುವುದಿಲ್ಲ, ನನಗೂ ಬರುವುದಿಲ್ಲ ಅಂತ ಗೊಣಗುತ್ತಾ ಮನೆಗೆ ಬಂದು ಫಿಲ್ಟರ್ ಬಡಿಯುತ್ತಿದ್ದೆ.

ಈ ವರ್ಷ ಡಾಕ್ಟರು ಮಾಮನ ಬೆನ್ನು ನೋಡಿ, ಇನ್ನು ಬೈಕನ್ನೇ ಮುಟ್ಟಬೇಡಿ ಅಂದುಬಿಟ್ಟರು. ಮನೆಯಲ್ಲಿ ಕೂರಲಾರದೆ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ನಿನ್ನೆ ನನ್ನ ಜೀಪಿನಲ್ಲೇ ಪಕ್ಕಕ್ಕೆ ಬಂದು ಕೂತರು. ಮರಳು ದಾಟಿದ ಮೇಲೆ ಉಳಿದದ್ದು ಒಬ್ಬಳೇ ಹೆಣ್ಣುಮಗಳು. ಸಿರುಗುಪ್ಪದ ಟೀಚರು, ರೇಸಿಗೆ ಹೊಸಬಳು. ಬೀಳುತ್ತಿದ್ದಳು, ಏಳುತ್ತಿದ್ದಳು. ನಾನು ಅಭ್ಯಾಸಬಲದಿಂದ ಗೇರು ಬದಲಿಸಿ ಹತ್ತಿರ ಹೋಗತೊಡಗಿದೆ.

ಮಾಮ ಸ್ಟಿಯರಿಂಗ್ ಹಿಡಿದರು. "ನಿಂದ್ರಸಲೇ. ಇಂಜಿನ್ ಬಂದ್ ಮಾಡು."

"ಯಾಕ್ರಿ ಮಾಮಾ?"

"ಬೆನ್ನ ಹಿಂದ ಈ ಸಪ್ಪಳ ಕೇಳಿದ್ರ ಕೈಕಾಲು ಸೋತು ಹೋಗ್ತಾವ. ನಿನಗ ಹೆಂಗ ಗೊತ್ತಾಗಬೇಕು? ನೀ ಯಾವಾಗಲೂ ಜೀಪಿನ್ಯಾಗ ಕುಂತಾವ."

ಬಂದ್ ಮಾಡಿದೆ. ಜಾಲಿ ಗಿಡದ ಅರೆಬರೆ ನೆರಳಿನಲ್ಲಿ ಕೂತೆವು. ದೂರದಲ್ಲಿ ಅವಳ ಬೈಕಿನ ಸದ್ದು ಒಮ್ಮೆ ನಿಂತೇಹೋಯಿತು. ಮಾಮ ಆ ಕಡೆಗೆ ಕಿವಿಗೊಟ್ಟರು. ಸದ್ದು ಮತ್ತೆ ಶುರುವಾಗಿ, ಗುಡ್ಡದ ತಿರುವಿನಾಚೆ ಸಣ್ಣಗಾಗಿ, ಕೇಳದಾಯಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮಾಮ "ಈಗ ನಡಿ" ಅಂದರು.

ನಾವು ತಲುಪಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಟೀಚರು ಬೈಕಿಗೆ ಒರಗಿ ಬಾಟಲಿಯ ನೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದಳು. ನಮ್ಮನ್ನು ನೋಡಿ ಮುಖವೆಲ್ಲ ನಗು.

"ಮುಟ್ಟಿದ್ನಿರೀ! ನನ್ನ ಹಿಂದ ಇನ್ನೂ ಎಷ್ಟು ಮಂದಿ ಅದಾರ್ರಿ?"

"ಒಬ್ಬಾವ ಇದ್ದ ತಂಗಿ," ಅಂದರು ಮಾಮ. "ಅವ ಜೀಪು ಹತ್ತಿಬಿಟ್ಟ."

ಆಮೇಲೆ ಮೆಲ್ಲಗೆ ಇಳಿದು, ಸೊಂಟ ಹಿಡಿದುಕೊಂಡು, ಟವೆಲನ್ನು ಹೆಗಲ ಮೇಲೆಯೇ ಬಿಟ್ಟು, ಊರ ಜನರ ನಡುವೆ ಮನೆಗೆ ನಡೆದರು. ನನಗೆ ಅವರ ಬೆನ್ನು ನೋಡಲಾಗಲಿಲ್ಲ.

ಹೀಗಾಗಿ ಈ ಸಲ ಧೂಳು ಕಡಿಮೆ. ಇಷ್ಟು ವರ್ಷ ಮೊರಗಟ್ಟಲೆ ಬಡಿದು ಚೆಲ್ಲಿದ್ದೆಲ್ಲ ಮಾಮನ ಧೂಳು. ಒಂದು ವರ್ಷವಾದರೂ ನಾನು ಆ ಜಾಲಿ ಗಿಡದ ಕೆಳಗೆ ನಿಂತಿದ್ದರೆ ಅವರೂ ಮುಟ್ಟುತ್ತಿದ್ದರೋ ಏನೋ. ಫಿಲ್ಟರನ್ನು ಇನ್ನೊಂದು ಸಲ ಕಲ್ಲಿಗೆ ಬಡಿದೆ. ಏನೂ ಬೀಳಲಿಲ್ಲ.