ಸ್ಪಿರಿಟ್ ಪೆಟ್ರೋಲಿಗೆ ಯಾವ ಎಣ್ಣೆ?

ಕಾರಿನ ಹೊಟ್ಟೆಯಲ್ಲಿ ಮಜ್ಜಿಗೆ ಸಿಕ್ಕಿದ್ದನ್ನು ನೀವು ಎಂದಾದರೂ ಕೇಳಿದ್ದೀರಾ? ಕಳೆದ ಸೋಮವಾರ ಹಳಿಯಾಳದ ನಮ್ಮ ಮನೆಯಂಗಳದಲ್ಲೇ ಸಿಕ್ಕಿತು.

ಕಾರು ಸ್ಟಾರ್ಟ್ ಆಗುತ್ತಿಲ್ಲವೆಂದು ಮೆಕ್ಯಾನಿಕ್ ಹಸನ್‌ಸಾಬರಿಗೆ ಹೇಳಿಕಳಿಸಿದ್ದೆ. ಬಂದವರೇ ಬಾನೆಟ್ ಎತ್ತಿ, ಎಂಜಿನ್ ಎಣ್ಣೆ ಅಳೆಯುವ ಕಡ್ಡಿ ಎಳೆದರು. ಬೆರಳಿಗೆ ಹಚ್ಚಿ ತಿಕ್ಕಿದರು. ಮೂಸಿದರು.

"ಬಾಯಾರ, ಇದು ಎಣ್ಣಿ ಅಲ್ರಿ, ಮಜ್ಜಿಗಿ ಆಗೇತಿ. ಯಾವಾಗ ಬದಲಿ ಮಾಡಿಸಿದ್ರಿ?"

"ಮಾಡಿಸಿಲ್ಲ. ಕಡಿಮಿ ಆದಾಗ ಮ್ಯಾಲೆ ಹಾಕೇನಿ."

"ಗಾಡಿ ಎಲ್ಲಿಗೆ ಒಯ್ತೀರಿ?"

"ಎಲ್ಲಿಗೂ ಇಲ್ಲ. ದಿನಾ ಸಂಜೀಕ ಐದು ಮಿನಿಟ್ ಚಾಲೂ ಮಾಡಿ ಬಂದ್ ಮಾಡ್ತೇನಿ."

"ಯಾಕ್ರಿ?"

ನಮ್ಮವರು ತೀರಿಹೋಗಿ ವರ್ಷವಾಯಿತು. ಕಟ್ಟಿಗೆ ವ್ಯಾಪಾರ ಅವರದು. ಜೊಯಿಡಾ ಕಾಡಿನಿಂದ ಸಂಜೆ ಮರಳುವಾಗ ರಸ್ತೆಯ ತಿರುವಿನಲ್ಲೇ ಕಾರಿನ ಸದ್ದು ಗೊತ್ತಾಗುತ್ತಿತ್ತು, ನಾನು ಚಹಾಕ್ಕಿಡುತ್ತಿದ್ದೆ. ಆ ಸದ್ದಿಗಾಗಿಯೇ ಈಗ ಕೀ ತಿರುಗಿಸುತ್ತೇನೆ. ಒಳಗಿನ ನಲವತ್ತನೇ ನಂಬರಿನ ದಪ್ಪ ಎಣ್ಣೆಯೂ ಅವರೇ ಕೈಯಾರೆ ಹಾಕಿದ್ದು. ಅದನ್ನು ಚೆಲ್ಲಿಸುವುದು ಹೇಗೆ? (ಸಿಲ್ಲಿ ವುಮನ್, ಎನ್ನುತ್ತೀರಿ. ಕಾನ್ವೆಂಟಿನ ಸಿಸ್ಟರ್‌ಗಳು ಪಿಯಾನೋ ಕಲಿಸಿದರು, ಫ್ರೆಂಚ್ ಕಲಿಸಿದರು. ಇದನ್ನು ಕಲಿಸಲಿಲ್ಲ.)

ಹಸನ್‌ಸಾಬರು ಕೈ ಒರೆಸಿಕೊಂಡರು. "ಈಗಿನ ಪೆಟ್ರೋಲಿನ್ಯಾಗ ಕಬ್ಬಿನ ಕಾಕಂಬಿ ಸ್ಪಿರಿಟ್ ಕೂಡಸ್ತಾರ್ರಿ. ಅದು ನೀರು ಎಳೀತೈತಿ. ಗಾಡಿ ಓಡಿ ಕಾದ್ರ ನೀರು ಹಾರಿ ಹೋಗ್ತೈತಿ. ನೀವು ನಿಂದ್ರಿಸಿ ಐದೈದು ಮಿನಿಟ್ ಚಾಲೂ ಮಾಡಿದ್ರ ಎಲ್ಲಾ ಎಣ್ಣ್ಯಾಗ ಇಳೀತೈತಿ."

ಅಂದರೆ ಈ ಒಂದು ವರ್ಷ ಆ ಎಂಜಿನ್ನನ್ನು ಕೊಲ್ಲುತ್ತಿದ್ದವಳು ನಾನೇ. ದಿನವೂ, ತಪ್ಪದೆ, ಪ್ರೀತಿಯಿಂದ.

"ಮೂವತ್ತರ ತೆಳ್ಳನ್ನ ಎಣ್ಣಿ ಹಾಕೂಣ್ರಿ, ಒಳಗಿನ ಕೊಳಿ ತೊಳಿಯೂವಂಥಾದ್ದು. ಸಾವಿರ ಮೈಲಿಗೊಮ್ಮೆ ಬದಲಿ. ವಾರಕ್ಕೊಮ್ಮೆ ದಾಂಡೇಲಿಗೆ ಹೋಗಿ ಬರ್ರಿ."

"ಅವರು ನಲವತ್ತರದ್ದ ಹಾಕ್ತಿದ್ರು."

"ಅವರ ಕೈಯಾಗ ಗಾಡಿ ದಿನಾ ಘಟ್ಟ ಏರ್ತಿತ್ತ್ರಿ. ನಿಮ್ಮ ಕೈಯಾಗ ತುಳಸಿಕಟ್ಟಿ ಕಾಯ್ತೈತಿ." ಕಡ್ಡಿಯನ್ನು ಒರೆಸಿ ಒಳಗಿಳಿಸುತ್ತ ಮೆಲ್ಲಗೆ ಹೇಳಿದರು: "ಸಾಹೇಬ್ರ ಎಣ್ಣಿ ಬೇಕೋ, ಸಾಹೇಬ್ರ ಗಾಡಿ ಬೇಕೋ, ನೀವ ಹೇಳ್ರಿ. ಎರಡೂ ಉಳಿಯಂಗಿಲ್ಲ."

ಬಿಚ್ಚಿರಿ ಎಂದೆ. ಬೋಗುಣಿಗೆ ಇಳಿದದ್ದು ಹಾಲು ಹೆಚ್ಚಾದ ಚಹಾದ ಬಣ್ಣ. ನಾನು ನಿಂತು ಕೊನೆಯ ಹನಿಯವರೆಗೂ ನೋಡಿದೆ. "ಚೆಲ್ಲಬ್ಯಾಡ್ರಿ, ಬಾಗಲಾ ಚೌಕಟ್ಟಿಗೆ ಹಚ್ಚಸ್ರಿ, ಗೆದ್ದಲು ಹತ್ತೂದಿಲ್ಲ," ಎಂದರು ಹಸನ್‌ಸಾಬರು. ಹಚ್ಚಿಸಿದೆ.

ನೆನೆದ ಪ್ಲಗ್‌ಗಳನ್ನು ಒರೆಸಿ, ಮೂವತ್ತರ ಎಣ್ಣೆ ತುಂಬಿದ ಮೇಲೆ ಕಾರು ಸ್ಟಾರ್ಟ್ ಆಯಿತು. ಗುರುವಾರ ನಾನೇ ಡ್ರೈವ್ ಮಾಡಿಕೊಂಡು ದಾಂಡೇಲಿಗೆ ಹೋಗಿಬಂದೆ. ಏರಿನಲ್ಲೂ ಕಾರು ಕೆಮ್ಮಲಿಲ್ಲ. ಸ್ಮೂತ್, ವೆರಿ ಸ್ಮೂತ್. ಮರಳುವಾಗ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

"ಸದ್ದು ಬ್ಯಾರೆ ಆಗೇತಿ, ಹಸನ್‌ಸಾಬ್."

"ಎಂಜಿನ್ ಆರಾಮ ಐತ್ರಿ, ಬಾಯಾರ. ಕಿವಿ ಹೊಂದಕೋಬೇಕು."

ಎಂಜಿನ್ನಿಗೆ ಸಾವಿರ ಮೈಲಿ ಎಂದು ಖಚಿತವಾಗಿ ಹೇಳಿದ ಮನುಷ್ಯ, ಕಿವಿಗೆ ಎಷ್ಟು ಮೈಲಿ ಬೇಕೆಂದು ಹೇಳಲೇ ಇಲ್ಲ.