ಗುತ್ತಿಗಾರಿನ ಮೂವರು ಕಲ್ಲಿನ ಹೆಂಗಸರು

ಪುತ್ತೂರಿನಲ್ಲಿ ಸುಳ್ಯದ ಬಸ್ಸು ಹತ್ತಿದಾಗ ಬೆಳಿಗ್ಗೆ ಏಳು ಗಂಟೆ. ಏಪ್ರಿಲ್ ತಿಂಗಳು, ಆಗಲೇ ಅಂಗಿ ಬೆನ್ನಿಗೆ ಅಂಟತೊಡಗಿತ್ತು. ನನ್ನ ಚೀಲದಲ್ಲಿ ಉಳಿ, ಸುತ್ತಿಗೆ, ಡ್ರಿಲ್ಲು, ಎರಡು ಡಬ್ಬ ಅಂಟು ಮತ್ತು ಗೇಣುದ್ದದ ಸ್ಟೀಲಿನ ಸರಳುಗಳಿದ್ದವು. ಕಂಡಕ್ಟರು ಅದನ್ನು ಕಾಲಿನಿಂದ ಸರಿಸಲು ನೋಡಿದರು, ಅದು ಅಲುಗಲಿಲ್ಲ.

"ಎಂತ ಮಾರಾಯ್ರೆ, ಒಳಗೆ ಕಲ್ಲುಂಟಾ?"

"ಕಲ್ಲು ಗುತ್ತಿಗಾರಿನಲ್ಲಿ ಉಂಟು. ಇದು ಅದಕ್ಕೆ ಮದ್ದು" ಎಂದೆ.

ನಾನು ಕಲ್ಲು ಕೆತ್ತುವವನು. ನಾಗನ ಕಲ್ಲು, ತುಳಸಿಕಟ್ಟೆ, ದೈವಸ್ಥಾನದ ಮೆಟ್ಟಿಲು ನನ್ನ ದಿನದ ಕೆಲಸ. ವಾರದ ಹಿಂದೆ ಪದ್ಮಯ್ಯ ಗೌಡರೆಂಬವರು ಫೋನು ಮಾಡಿದ್ದರು. ಅವರ ತೋಟದ ಮೂಲೆಯಲ್ಲಿ ಅಜ್ಜನ ಕಾಲದ ಒಂದು ವಿಗ್ರಹವಿತ್ತಂತೆ. ಹಲಸಿನ ಹಣ್ಣಿಗೆಂದು ಬಂದ ಆನೆ ಅದನ್ನು ದೂಡಿ ಹಾಕಿ, ಅದರಲ್ಲಿದ್ದ ಮೂವರು ಹೆಂಗಸರಲ್ಲಿ ಒಬ್ಬಳ ತಲೆ ಹಾರಿಹೋಗಿತ್ತು. "ಇಟಲಿಯಿಂದ ಹಡಗಿನಲ್ಲಿ ಬಂದದ್ದು ಆಚಾರ್ರೆ, ಜಾಗ್ರತೆ ಬೇಕು" ಎಂದಿದ್ದರು.

ಸುಳ್ಯದಲ್ಲಿ ಇಳಿದು ಅವಲಕ್ಕಿ, ಚಹಾ ಮುಗಿಸಿ ಗುತ್ತಿಗಾರಿನ ಬಸ್ಸು ಹಿಡಿದೆ. ದೊಡ್ಡತೋಟ, ಎಲಿಮಲೆ ದಾಟಿದ ಮೇಲೆ ಎರಡೂ ಕಡೆ ರಬ್ಬರು. ಗುತ್ತಿಗಾರಿನಿಂದ ಗೌಡರ ಮನೆಗೆ ರಿಕ್ಷಾದವರು ನೂರ ಇಪ್ಪತ್ತು ಕೇಳಿದರು. ನಾಲ್ಕು ಕಿಲೋಮೀಟರಿನ ಏರು ನೋಡಿದ ಮೇಲೆ ಹೆಚ್ಚೆನಿಸಲಿಲ್ಲ. ರಸ್ತೆ ಕಾಡಿನ ಅಂಚಿನಲ್ಲೇ ಹೋಗುತ್ತದೆ.

ಪದ್ಮಯ್ಯ ಗೌಡರಿಗೆ ಅರವತ್ತು ದಾಟಿದೆ. ತೆಳ್ಳಗಿನ, ಚುರುಕಿನ ಮನುಷ್ಯ. ನೀರು ಬೆಲ್ಲ ಮುಗಿಸುವ ಮೊದಲೇ ನನ್ನನ್ನು ತೋಟಕ್ಕೆ ಎಳೆದೊಯ್ದರು. ಬಿದ್ದ ವಿಗ್ರಹವನ್ನು ಊರವರು ಎತ್ತಿ ನಿಲ್ಲಿಸಿ, ಮುರಿದ ತಲೆಯನ್ನು ಅದರ ಬುಡದಲ್ಲಿಟ್ಟಿದ್ದರು. ಮೂರಡಿ ಎತ್ತರ, ಒಬ್ಬರನ್ನೊಬ್ಬರು ತಬ್ಬಿ ನಿಂತ ಮೂವರು ಹೆಂಗಸರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಇನ್ನೂರು ವರ್ಷದ ಹಿಂದೆ ಇಟಲಿಯ ಶಿಲ್ಪಿಯೊಬ್ಬರು ಅಮೃತಶಿಲೆಯಲ್ಲಿ ಮಾಡಿದ ಮೂವರು ಗ್ರೀಕ್ ದೇವತೆಯರು. ಪಠ್ಯಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ ಎಷ್ಟೋ ಸಲ ಕಂಡದ್ದು. ಇದು ಅದರ ನಕಲು.

ಮುರಿದ ಕುತ್ತಿಗೆಯ ಮೇಲೆ ಬೆರಳಿಟ್ಟೆ. ಅಮೃತಶಿಲೆ ಮುರಿದರೆ ಸಕ್ಕರೆಯಂತೆ ಹರಳು ಕಾಣಬೇಕು. ಇಲ್ಲಿ ಬೂದು ಬಣ್ಣ, ನುಣುಪು, ಉಗುರಿಗೆ ಪುಡಿಯಾಗುತ್ತದೆ. ಬಳಪದ ಕಲ್ಲು. ಬಿಳಿ ಎಂದರೆ ವರ್ಷ ವರ್ಷ ಬಳಿದ ಸುಣ್ಣ.

"ಗೌಡ್ರೆ, ಇದು ಇಟಲಿದ್ದಲ್ಲ. ಕಲ್ಲು ನಮ್ಮ ಕಡೆಯದ್ದು."

ಅವರ ಮುಖ ಬಿಗಿಯಿತು. ಆಮೇಲೆ ನಿಜ ಹೇಳಿದರು. ಕಾಸರಗೋಡಿನ ಕಡೆಯ ಹೋಟೆಲಿನವರೊಬ್ಬರು ಇಟಲಿಯ ಶಿಲ್ಪವೆಂದು ಇದನ್ನು ಕೊಳ್ಳಲು ಒಪ್ಪಿದ್ದರು. ಆ ಹಣದಲ್ಲಿ ತೋಟದ ಸುತ್ತ ಆನೆಗೆ ಸೋಲಾರ್ ಬೇಲಿ ಹಾಕಬೇಕೆಂದು ಗೌಡರ ಆಸೆ.

"ನೀವು ಜೋಡಿಸಿ ಹೋಗಿ. ಸುಣ್ಣ ನಾನು ಬಳಿಯುತ್ತೇನೆ. ಯಾರಿಗೆ ಗೊತ್ತಾಗುದು?"

"ಬಳಿಯಿರಿ. ಆದರೆ ಅವರು ನನ್ನನ್ನು ಕೇಳಿದರೆ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವರು ಮನೆ ಕಡೆ ನಡೆದರು. ಕೆಲಸವೇ ಬೇಡವೆಂದು ಕಳಿಸಿಯಾರು ಎಂದುಕೊಂಡೆ.

ಬಂದವರು ಅವರ ಹೆಂಡತಿ ದೇವಕಿಯಕ್ಕ, ಕೊಡಪಾನ ನೀರು ಹಿಡಿದುಕೊಂಡು. "ಅವರು ಹಾಗೆಯೇ. ನೀವು ಕೆಲಸ ಶುರು ಮಾಡಿ" ಎಂದರು. ಸುಣ್ಣದ ಮೇಲೆ ಅಂಟು ನಿಲ್ಲುವುದಿಲ್ಲ, ಹಾಗಾಗಿ ಮೊದಲು ಹೆರೆದು ತೊಳೆಯಬೇಕಿತ್ತು. ಇಷ್ಟು ಕಾಲವೂ ಮಣ್ಣಿನ ದಿಬ್ಬಕ್ಕೆ ಒರಗಿದ್ದುದರಿಂದ ಬೆನ್ನಿನ ಕಡೆ ಹಾವಸೆ, ಕೆಸರು ದಪ್ಪವಾಗಿ ಕಟ್ಟಿತ್ತು. ದೇವಕಿಯಕ್ಕ ನೀರು ಹೊಯ್ದರು, ನಾನು ತೆಂಗಿನ ಚಿಪ್ಪಿನಿಂದ ಹೆರೆದೆ. ಮೊದಲು ಒಂದು ತುರುಬು ಕಂಡಿತು. ಅದರ ಸುತ್ತ ಮಲ್ಲಿಗೆಯ ಅಟ್ಟೆ, ಒತ್ತಾಗಿ ಕಟ್ಟಿದ ಮಾಲೆ, ಮೊಗ್ಗು ಮೊಗ್ಗಾಗಿ. ಎರಡನೆಯವಳದ್ದು ಮುರಿದ ತಲೆ, ಅದರ ತುರುಬಿಗೆ ಕೇದಗೆಯ ಎಸಳು. ಮೂರನೆಯವಳಿಗೆ ಸೊಂಟದವರೆಗೆ ಜಡೆ. ಎದುರಿಗೆ ಬರೀ ತೆಳು ಬಟ್ಟೆ ಹಿಡಿದು ನಿಂತವರಿಗೆ ಹಿಂದಿನಿಂದ ನೆರಿಗೆಯ ಸೀರೆ.

ಚಿಪ್ಪು ಕೆಳಗಿಟ್ಟು ನೋಡಿದೆ. ಇದನ್ನು ಕೆತ್ತಿದ ನಮ್ಮ ಕಡೆಯ ಆಚಾರಿಗೆ ಸಿಕ್ಕಿದ್ದು ಎದುರಿನಿಂದ ತೆಗೆದ ಒಂದು ಚಿತ್ರ ಮಾತ್ರ ಇರಬೇಕು. ಹಿಂದೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ತಾನು ದಿನವೂ ಕಾಣುತ್ತಿದ್ದ ಹೆಂಗಸರನ್ನು ಅಲ್ಲಿ ಕೆತ್ತಿದ್ದಾನೆ. ಎದುರಿನ ಮುಖಗಳಲ್ಲಿ ಅವನ ಉಳಿ ಅಂಜಿದೆ, ಬೆನ್ನಿನಲ್ಲಿ ಎಲ್ಲಿಯೂ ಅಂಜಿಲ್ಲ.

ದೇವಕಿಯಕ್ಕ ಜಡೆಯ ಮೇಲೆ ಕೈಯಾಡಿಸಿ ಗಂಡನನ್ನು ಕೂಗಿದರು. ಅವರೊಳಗೆ ತಮ್ಮ ಮನೆಮಾತು ಅರೆಭಾಷೆಯಲ್ಲಿ ಏನೋ ಮಾತಾಯಿತು. ಗೌಡರು ಎರಡು ಸುತ್ತು ಬಂದರು, ಬಗ್ಗಿ ನೋಡಿದರು. "ನನ್ನ ಅಜ್ಜಿ ಹೀಗೆಯೇ ಕೇದಗೆ ಮುಡಿಯುತ್ತಿದ್ದದ್ದು" ಎಂದಷ್ಟೇ ಹೇಳಿ ಊಟಕ್ಕೆ ಕರೆದರು. ಕುಚ್ಚಲಕ್ಕಿ ಅನ್ನ, ಹಲಸಿನಕಾಯಿ ಪಲ್ಯ, ಒಣಮೀನಿನ ಚಟ್ನಿ.

ಮಧ್ಯಾಹ್ನ ಕುತ್ತಿಗೆಗೂ ತಲೆಗೂ ತೂತು ಕೊರೆದು, ಸರಳು ಇಳಿಸಿ, ಅಂಟಿಗೆ ಅದೇ ಕಲ್ಲಿನ ಪುಡಿ ಬೆರೆಸಿ ಕೂರಿಸಿದೆ. ಪೂಜೆಯ ಮೂರ್ತಿ ಭಿನ್ನವಾದರೆ ನಾವು ಜೋಡಿಸುವುದಿಲ್ಲ; ಇದು ಪೂಜೆಯದ್ದಲ್ಲ, ಅಡ್ಡಿಯಿಲ್ಲ. ಹಗ್ಗ ಬಿಗಿದು, ಅಂಟು ಕಚ್ಚಲೆಂದು ಆ ದಿನ ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಗೌಡರು ಜಗಲಿಯಲ್ಲಿ ನಿಂತು ಮಲಯಾಳದಲ್ಲಿ ಫೋನು ಮಾಡುತ್ತಿದ್ದರು. ನನಗೆ ಅರ್ಧ ತಿಳಿಯುತ್ತದೆ. ಇಟಲಿಯದ್ದಲ್ಲ, ಇಲ್ಲಿಯದ್ದೇ ಎಂದು ಅವರು ಎರಡು ಸಲ ಹೇಳಿದ್ದು ಕೇಳಿಸಿತು. ಫೋನು ಜೇಬಿಗೆ ಹಾಕಿ ನನ್ನ ಕಡೆ ತಿರುಗಿದರು.

"ಅವರಿಗೆ ಬೇಡವಂತೆ."

"ಬೇಲಿ?"

"ಈ ವರ್ಷವೂ ಗರ್ನಾಲು ಪಟಾಕಿ ಬಿಟ್ಟು ಆನೆ ಓಡಿಸುದು, ಮತ್ತೆ ಎಂತ ಮಾಡುದು?" ಎಂದು ನಕ್ಕರು. ನಗು ಪೂರ್ತಿ ಬರಲಿಲ್ಲ. ಬೇಲಿ ತಪ್ಪಿಹೋದದ್ದು ನನಗೂ ಬೇಸರವೇ, ಆದರೆ ಹೇಳಿದ ಮಾತು ಹಿಂದೆ ತೆಗೆದುಕೊಳ್ಳುವಂಥದ್ದಾಗಿರಲಿಲ್ಲ.

ಹಗ್ಗ ಬಿಚ್ಚಿ ನೋಡಿದೆ. ತಲೆ ಗಟ್ಟಿಯಾಗಿ ಕೂತಿತ್ತು. ಆಗ ದೇವಕಿಯಕ್ಕ, "ಇನ್ನು ಬೆನ್ನು ಮನೆ ಕಡೆ ಇರಲಿ" ಎಂದರು. ಪಕ್ಕದ ಮನೆಯ ನಾಲ್ವರು ಬಂದು, ಹಾರೆ ಮೀಟಿ, ಅಡಿಗೆ ಬಿದಿರು ಕೊಟ್ಟು, ವಿಗ್ರಹವನ್ನು ದಿಬ್ಬದಿಂದ ಈಚೆ ಅಂಗಳದ ಅಂಚಿಗೆ ತಂದು ತಿರುಗಿಸಿ ನಿಲ್ಲಿಸಿದರು. ಅಡುಗೆಮನೆಯ ಬಾಗಿಲಿಗೆ ಎರಡು ತುರುಬು, ಒಂದು ಜಡೆ.

"ಮುಖ ಕಾಡಿನ ಕಡೆಗಾಯಿತಲ್ಲ?" ಎಂದೆ.

"ಆನೆ ನೋಡಲಿ" ಎಂದರು ದೇವಕಿಯಕ್ಕ.

ಬರುವಾಗ ಸುಬ್ರಹ್ಮಣ್ಯ, ಕಡಬದ ಮೇಲಾಗಿ ಪುತ್ತೂರಿಗೆ ಹೋಗುವುದೆಂದು ಮಾಡಿದ್ದೆ. ರಿಕ್ಷಾ ಇಳಿಜಾರಿನಲ್ಲಿ ಕಾಡಿನಂಚಿನ ತಿರುವಿಗೆ ಬಂದಾಗ ತಲೆ ಹೊರಗೆ ಹಾಕಿ ಮೇಲೆ ನೋಡಿದೆ. ಮೂರು ಮುಖಗಳು ಕಂಡವು. ಅವುಗಳ ಹಿಂದೆ ಗೌಡರು ಸ್ಟೂಲಿನ ಮೇಲೆ ಕೂತು, ಸೀರೆಯ ನೆರಿಗೆಯಲ್ಲಿ ಉಳಿದ ಹಾವಸೆಯನ್ನು ಚಿಪ್ಪಿನಿಂದ ಮೆಲ್ಲನೆ ಹೆರೆಯುತ್ತಿದ್ದರು.