ಹೊಲಕ್ಕೆ ಹೋಗುವ ದಾರಿ ಯಾರ ಹೆಸರಿಗಿದೆ?

೨೦೦೩ರ ಬೇಸಿಗೆ. ಬಸವನ ಬಾಗೇವಾಡಿಯ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಅಂದು ಮುಂಜಾನೆ ಆ ಸಣ್ಣ ಕೋಣೆಯಲ್ಲಿ ಇದ್ದವರು ನಾನು, ಹಿರಿಯ ನರ್ಸ್ ಸುಶೀಲಕ್ಕ, ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತ ಒಬ್ಬ ಮುದುಕಿ. ಮುದುಕಿಯ ಸೊಸೆಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಬಿಜಾಪುರಕ್ಕೆ ಒಯ್ಯಲು ಜೀಪು ಬಂದು ನಿಂತಿತ್ತು. ಆಕೆಯದು ಓ ನೆಗೆಟಿವ್. ಆ ಗುಂಪಿನ ರಕ್ತ ಇಲ್ಲ, ಕೊಡುವವರನ್ನು ಜೊತೆಗೇ ಕರೆತನ್ನಿ ಎಂದು ಅಲ್ಲಿಯ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು.

ಕೊಡುವವರ ಹೆಸರು, ನಂಬರ್ ಎಲ್ಲ ಕಂಪ್ಯೂಟರಿನಲ್ಲಿದ್ದವು. ಮೊದಲು ಸುಶೀಲಕ್ಕ ವಹಿಯಲ್ಲಿ ಬರೆದಿಡುತ್ತಿದ್ದರು. ಕಂಪ್ಯೂಟರ್ ಇರುವಾಗ ವಹಿ ಯಾಕೆ ಎಂದು ಅದನ್ನು ರದ್ದಿಗೆ ಹಾಕಿಸಿದವನು ನಾನೇ. ಹಿಂದಿನ ದಿನ ಹಾರ್ಡ್‌ಡಿಸ್ಕ್ ಕೆಟ್ಟಿತ್ತು. ಆದರೂ ನಾನು ಹೆದರಿರಲಿಲ್ಲ. ದಿನಾಲೂ ಇನ್ನೊಂದು ಡಿಸ್ಕಿಗೆ ನಕಲು ತೆಗೆಯುತ್ತಿದ್ದೆನಲ್ಲ. ಆ ನಕಲನ್ನು ಬೇರೆ ಕಂಪ್ಯೂಟರಿಗೆ ಹಾಕಿ ಪಟ್ಟಿ ತೆರೆಯಲು ಹೋದರೆ ಪರದೆಯ ಮೇಲೆ ಒಂದೇ ಮಾತು: ಅನುಮತಿ ಇಲ್ಲ.

ಫೈಲುಗಳು ಕಣ್ಣೆದುರೇ ಇದ್ದವು. ಮತ್ತೆ ಮತ್ತೆ ಒತ್ತಿದೆ.

“ವಹಿ ರದ್ದಿಗೆ ಹಾಕಿಸಿದೆಲ್ಲಪಾ. ಈಗ ಆ ಡಬ್ಬಿಗೆ ಯಾರ ಪರವಾನಗಿ ಬೇಕಂತ?” ಅಂದರು ಸುಶೀಲಕ್ಕ.

ಇಂಡಿ ಊರಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ನಾರಾಯಣ ಸರ್‌ಗೆ ಫೋನ್ ಹಚ್ಚಿದೆ. ಅವರು ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿಯ ಮಗ, ಏನು ಹೇಳಿದರೂ ಹೊಲದ ಭಾಷೆಯಲ್ಲೇ. ಫೈಲಿನ ಉತಾರ, ಅಂದರೆ ಪಹಣಿ, ಯಾರ ಹೆಸರಿಗಿದೆ ನೋಡು ಅಂದರು. ನೋಡಿದೆ. ನಕಲು ತೆಗೆದದ್ದು, ಮರಳಿ ಹಾಕಿದ್ದು ಎರಡೂ ಕಂಪ್ಯೂಟರಿನ ಯಜಮಾನನ ಖಾತೆಯಿಂದ, ಅಂದರೆ ಅಡ್ಮಿನ್ ಹೆಸರಿನಿಂದ. ಹೀಗಾಗಿ ಎಲ್ಲ ಫೈಲೂ ಯಜಮಾನನ ಹೆಸರಿಗೇ ಹೋಗಿದ್ದವು. ಅವನ್ನು ಓದಿ ಪಟ್ಟಿ ತೋರಿಸಬೇಕಾದ ಡೇಟಾಬೇಸ್ ಪ್ರೋಗ್ರಾಮಿಗೆ ಬೇರೆಯೇ ಖಾತೆ; ಅದು ಪರರ ಹೊಲದ ಬದುವಿನ ಮೇಲೆ ನಿಂತಂತೆ ಹೊರಗೇ ಉಳಿದಿತ್ತು. ಎಲ್ಲರಿಗೂ ತೆರೆದುಬಿಡಲೇ ಎಂದು ಸರ್‌ರನ್ನು ಕೇಳಿದೆ.

“ಬ್ಯಾಡ. ಅದರಾಗ ಮಂದಿ ಹೆಸರು, ನಂಬರ್ ಅದಾವ. ಬೇಲಿ ಕೀಳಬ್ಯಾಡ, ಹೆಸರು ಬದಲಿ ಮಾಡು.”

ಫೈಲುಗಳನ್ನು ಡೇಟಾಬೇಸಿನ ಹೆಸರಿಗೆ ಮಾಡಿದೆ. ಮತ್ತೆ ಅದೇ ಮಾತು: ಅನುಮತಿ ಇಲ್ಲ. ಅಂಗಳದಲ್ಲಿ ಜೀಪು ಚಾಲೂ ಆಯಿತು. “ಯಪ್ಪಾ, ಸಿಗ್ತಾರೇನು?” ಎಂದಳು ಮುದುಕಿ. ನಾನು ಪರದೆಯ ಮಾತನ್ನು ಸರ್‌ಗೆ ಓದಿ ಹೇಳಿದೆ.

ಫೋನಿನಲ್ಲಿ ಸರ್ ಕೇಳಿದರು: “ಹೊಲ ಹೆಸರಿಗಾತು. ಹೊಲಕ್ಕ ಹೋಗೂ ದಾರಿ ಯಾರ ಹೆಸರಿಲೆ ಐತಿ?”

ಫೈಲುಗಳಿದ್ದ ಫೋಲ್ಡರನ್ನು ನಾನು ಮರೆತಿದ್ದೆ. ಅದು ಇನ್ನೂ ಯಜಮಾನನ ಹೆಸರಿಗೇ ಇತ್ತು; ಅದನ್ನೂ ಡೇಟಾಬೇಸಿನ ಹೆಸರಿಗೆ ಮಾಡಿದೆ. ಪಟ್ಟಿ ತೆರೆಯಿತು. ಓ ನೆಗೆಟಿವ್ ಇಬ್ಬರೇ ಇಬ್ಬರು. ಮೊದಲ ನಂಬರಿನವರು ಫೋನ್ ಎತ್ತಲಿಲ್ಲ. ಎರಡನೆಯದು ಇಂಗಳೇಶ್ವರದ ಒಬ್ಬರದು. ಬೈಕ್ ಮೇಲೆ ಬಂದವರು ಕಾಲಿನ ಮಣ್ಣನ್ನೂ ಝಾಡಿಸದೆ, ತಮಗಾಗಿ ಕಾದಿದ್ದ ಜೀಪು ಹತ್ತಿದರು.

ಆ ಬಾಣಂತಿ ಉಳಿದಳು. ನಕಲು ತೆಗೆದರೆ ಸಾಲದು, ಇವತ್ತಿಗೂ ಬೇರೆ ಕಂಪ್ಯೂಟರಿಗೆ ಹಾಕಿ ತೆರೆದು ನೋಡಿದ ಮೇಲೇ ನಾನು ಏಳುತ್ತೇನೆ.

ಅದಾಗಿ ತಿಂಗಳಿಗೆ ಆ ಬಾಣಂತಿಯ ಗಂಡ ತನ್ನ ಹೆಸರು, ರಕ್ತದ ಗುಂಪು ಬರೆಸಲು ಬಂದ. ನಾನು ಕಂಪ್ಯೂಟರಿನಲ್ಲಿ ಬರೆದೆ. ಸುಶೀಲಕ್ಕ ಹೊಸ ವಹಿಯಲ್ಲಿ ಬರೆದರು.